ಸವಕಳಿಯ ಸೂತ್ರಕ್ಕೆ ಸಿಗದ ಕಾರು

ಎಂಟನೆಯ ತರಗತಿಯ ಗಣಿತದಲ್ಲಿ ಚಕ್ರಬಡ್ಡಿಯ ಬೆನ್ನಿಗೇ ಸವಕಳಿಯ ಲೆಕ್ಕ ಬರುತ್ತದೆ. ಸೂತ್ರ ಒಂದೇ, ಅಲ್ಲಿ ಕೂಡುವುದನ್ನು ಇಲ್ಲಿ ಕಳೆಯುತ್ತೇವೆ. 80,000 ರೂಪಾಯಿಯ ಸ್ಕೂಟರಿನ ಬೆಲೆ ವರ್ಷಕ್ಕೆ ಶೇಕಡಾ 10ರಂತೆ ಇಳಿದರೆ ಒಂದು ವರ್ಷದ ಕೊನೆಗೆ 72,000, ಎರಡು ವರ್ಷಕ್ಕೆ 64,800, ಮೂರು ವರ್ಷಕ್ಕೆ 58,320. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಆದರೆ ಈ ಸೂತ್ರದ ಹಿಂದೆ ಒಂದು ಊಹೆಯಿದೆ. ವಸ್ತು ಹಳೆಯದಾದಂತೆ, ಬಳಸಿದಂತೆ, ಅದರ ಬೆಲೆ ಒಂದೇ ದರದಲ್ಲಿ ಇಳಿಯುತ್ತದೆ ಎಂಬುದೇ ಆ ಊಹೆ. ಇದು ಎಲ್ಲಿ ಸುಳ್ಳಾಗುತ್ತದೆ ಎಂದು ಕೇಳದೆ ಬಿಟ್ಟರೆ ಸೂತ್ರವನ್ನು ಅರ್ಧ ಕಲಿಸಿದಂತೆ. ಬೋಧನಾಭ್ಯಾಸದ ಎರಡನೆಯ ವಾರ ಈ ಘಟಕ ನನ್ನ ಪಾಲಿಗೆ ಬಂದಾಗ, ಸುಳ್ಳಾಗುವ ಉದಾಹರಣೆಯೊಂದನ್ನು ತರಗತಿಗೆ ಒಯ್ಯಬೇಕು ಎಂದುಕೊಂಡೆ. ನಾನು ಆರಿಸಿಕೊಂಡದ್ದು ಇಂಗ್ಲೆಂಡಿನ ಮೆಕ್ಲಾರೆನ್ ಎಫ್1 ಎಂಬ ಹಳೆಯ ಕಾರನ್ನು.

ಈ ಕಾರು ನನಗೆ ಮೊದಲು ಪರಿಚಯವಾದದ್ದು ಬಿಎಸ್ಸಿಯ ಭೌತಶಾಸ್ತ್ರ ಓದುವಾಗ. ಅದರ ಎಂಜಿನ್ ಕೋಣೆಯ ಒಳಮೈಗೆ ಚಿನ್ನದ ತೆಳು ಹಾಳೆ ಹೊದಿಸಿದ್ದಾರೆ. ಶೋಕಿಗಲ್ಲ, ಚಿನ್ನ ಅವಕೆಂಪು ಕಿರಣಗಳನ್ನು ಬಹಳ ಚೆನ್ನಾಗಿ ಪ್ರತಿಫಲಿಸುತ್ತದೆ, ಎಂಜಿನ್ನಿನ ಶಾಖ ಸುತ್ತಲಿನ ಕಾರ್ಬನ್ ಫೈಬರ್ ಮೈಗೆ ತಾಗದಂತೆ ತಡೆಯುತ್ತದೆ. ಗಾರ್ಡನ್ ಮರ್ರೆ ಎಂಬ ವಿನ್ಯಾಸಕಾರರು ರೂಪಿಸಿದ ಈ ಕಾರಿನಲ್ಲಿ ಚಾಲಕ ನಟ್ಟನಡುವೆ ಕೂರುತ್ತಾನೆ, ಇಬ್ಬರು ಪ್ರಯಾಣಿಕರು ಸ್ವಲ್ಪ ಹಿಂದೆ ಎರಡು ಪಕ್ಕಗಳಲ್ಲಿ. ಬಿಎಂಡಬ್ಲ್ಯು ಮಾಡಿಕೊಟ್ಟ 6.1 ಲೀಟರಿನ, 12 ಸಿಲಿಂಡರಿನ ಎಂಜಿನ್. 600ಕ್ಕೂ ಹೆಚ್ಚು ಅಶ್ವಶಕ್ತಿ. ಟರ್ಬೊ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ, ಎಬಿಎಸ್ ಇಲ್ಲ. 1998ರಲ್ಲಿ ಜರ್ಮನಿಯ ಪರೀಕ್ಷಾ ಪಥವೊಂದರಲ್ಲಿ ಗಂಟೆಗೆ 386 ಕಿ.ಮೀ. ವೇಗ ಮುಟ್ಟಿತು. 300 ಕಾರು ಮಾಡುವ ಅಂದಾಜಿತ್ತು; 1998ರ ಹೊತ್ತಿಗೆ ಕೆಲಸ ನಿಲ್ಲಿಸಿದಾಗ, ರೇಸಿನವೂ ಸೇರಿ ಆಗಿದ್ದದ್ದು 106 ಮಾತ್ರ. ಹೊಸದರಲ್ಲಿ ಬೆಲೆ ಐದು ಲಕ್ಷ ಪೌಂಡಿನ ಮೇಲಿತ್ತು. ಆ ಬೆಲೆಗೆ ಆಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ.

ಈಗ ಇದೇ ಕಾರುಗಳ ಬಗ್ಗೆ ಕಾರುಪ್ರಿಯರು ಮುಗಿಯದ ವಾದ ನಡೆಸುತ್ತಾರೆ. ಅದರ ತಿರುಳನ್ನು ಎರಡು ಕಾರುಗಳ ಕಥೆಯಾಗಿ ಹಲಗೆಯ ಮೇಲೆ ಬರೆದೆ.

ಮೊದಲನೆಯದರ ಒಡೆಯರನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು: ಮಿಸ್ಟರ್ ಬೀನ್, ಅಂದರೆ ನಟ ರೋವನ್ ಅಟ್ಕಿನ್‌ಸನ್. ಟಿವಿಯಲ್ಲಿ ಪುಟ್ಟ ಹಳದಿ-ಹಸಿರು ಕಾರಿಗೆ ಬೀಗ ಹಾಕಿಕೊಂಡು ಓಡಾಡುವ ಮನುಷ್ಯ ನಿಜಜೀವನದಲ್ಲಿ ಎಫ್1 ಇಟ್ಟುಕೊಂಡಿದ್ದರು ಎಂದಾಗ ತರಗತಿ ನಗೆಯಲ್ಲಿ ಮುಳುಗಿತು. 1997ರಲ್ಲಿ ಕೊಂಡ ಆ ಕಾರನ್ನು ಅವರು ನಿಜವಾಗಿಯೂ ಓಡಿಸಿದರು. ಸುಮಾರು 41,000 ಮೈಲಿ, ಅಂದರೆ 66,000 ಕಿ.ಮೀ. ಎರಡು ಸಲ ಅಪಘಾತವಾಯಿತು. 2011ರ ಅಪಘಾತದಲ್ಲಿ ಕಾರು ಮರಕ್ಕೆ ಬಡಿದು ಬೆಂಕಿ ಹತ್ತಿಕೊಂಡಿತು. ದುರಸ್ತಿಗೆ ವಿಮೆಯವರು ಸುಮಾರು 9 ಲಕ್ಷ ಪೌಂಡ್ ತೆತ್ತರು. ಹಾಗಿದ್ದೂ 2015ರಲ್ಲಿ ಆ ಕಾರು ಸುಮಾರು 80 ಲಕ್ಷ ಪೌಂಡಿಗೆ ಮಾರಾಟವಾಯಿತೆಂದು ವರದಿಯಾಯಿತು.

ಎರಡನೆಯದು ಕೇವಲ 390 ಕಿ.ಮೀ. ಓಡಿದ, 1995ರ ಮಾದರಿಯ ಎಫ್1. 2021ರಲ್ಲಿ ಅಮೆರಿಕದ ಪೆಬಲ್ ಬೀಚಿನ ಹರಾಜಿನಲ್ಲಿ ಅದಕ್ಕೆ 2 ಕೋಟಿ 4 ಲಕ್ಷ ಡಾಲರಿಗೂ ಹೆಚ್ಚು ಬಂತು. ಆಗಿನ ಲೆಕ್ಕದಲ್ಲಿ ಸುಮಾರು 150 ಕೋಟಿ ರೂಪಾಯಿ. 390ನ್ನು 26 ವರ್ಷಕ್ಕೆ ಭಾಗಿಸಿ ಎಂದೆ. ವರ್ಷಕ್ಕೆ 15 ಕಿ.ಮೀ. "ನಾನು ಸೈಕಲ್ಲಲ್ಲಿ ಒಂದೇ ದಿನ ಅಷ್ಟು ತುಳೀತೀನಿ ಮಿಸ್" ಎಂದ ಒಬ್ಬ.

ಮೊದಲು ಲೆಕ್ಕ. ಅಟ್ಕಿನ್‌ಸನ್ ಅವರ ಕಾರನ್ನು ಆರು ಲಕ್ಷ ಪೌಂಡ್ ಎಂದು ಅಂದಾಜು ಹಿಡಿದು, ವರ್ಷಕ್ಕೆ ಶೇಕಡಾ 15ರಂತೆ ಚಕ್ರಬಡ್ಡಿ ಹಾಕಿಸಿದೆ. ಐದು ವರ್ಷಕ್ಕೊಮ್ಮೆ ಮೊತ್ತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ: 6, 12, 24, 48 ಲಕ್ಷ. ಅಲ್ಲಿಗೆ 15 ವರ್ಷ. ಇನ್ನು ಮೂರು ವರ್ಷಕ್ಕೆ ಸುಮಾರು 73 ಲಕ್ಷ. ಹಾಗಾದರೆ ನಿಜವಾದ ದರ ಶೇಕಡಾ 15ಕ್ಕಿಂತ ತುಸು ಹೆಚ್ಚೇ ಇರಬೇಕು ಎಂದು ಮಕ್ಕಳೇ ಹೇಳಿದರು. ಸವಕಳಿಯ ಸೂತ್ರದಲ್ಲಿದ್ದ ಕಳೆಯುವ ಚಿಹ್ನೆ ಇಲ್ಲಿ ಕೂಡುವ ಚಿಹ್ನೆಯಾಗಿತ್ತು. ದುರಸ್ತಿ, ವಿಮೆ, ಸರ್ವಿಸಿನ ಖರ್ಚು ಈ ಲೆಕ್ಕದಲ್ಲಿ ಬಂದಿಲ್ಲ ಎಂಬುದನ್ನೂ ಬರೆಸಿದೆ. ಎಫ್1ರ ಇಂಧನದ ಚೀಲವನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು; ಅದಕ್ಕೆ ಎಂಜಿನ್ನನ್ನೇ ಹೊರಗೆ ಇಳಿಸಬೇಕು. ಓಡಿಸಿದರೂ ಖರ್ಚು, ನಿಲ್ಲಿಸಿದರೂ ಖರ್ಚು.

ಆಮೇಲೆ ಪ್ರಶ್ನೆ: ಇವೆರಡರಲ್ಲಿ ಯಾರು ಕಾರನ್ನು ಸರಿಯಾಗಿ ಇಟ್ಟುಕೊಂಡರು? ಕಾರುಪ್ರಿಯರಲ್ಲಿಯೂ ಇದೇ ಪ್ರಶ್ನೆಗೆ ಎರಡು ಬಣಗಳಿವೆ. ಓಡಿಸಲೆಂದೇ ಇಷ್ಟು ಹಗುರವಾಗಿ, ಚಾಲಕನನ್ನು ನಡುವೆ ಕೂರಿಸಿ ಮಾಡಿದ ಯಂತ್ರವನ್ನು ಗೋದಾಮಿನಲ್ಲಿ ಮುಚ್ಚಿಡುವುದು ಅದನ್ನು ಮಾಡಿದವರಿಗೇ ಅವಮಾನ ಎನ್ನುವವರು ಒಂದು ಕಡೆ. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತು ಎಂದು ತೋರಿಸಲು ಒಂದಾದರೂ ಮುಟ್ಟದ ಕಾರು ಉಳಿಯಬೇಕು, ಒಮ್ಮೆ ಸವೆದ ಮೂಲರೂಪ ಮರಳಿ ಬಾರದು ಎನ್ನುವವರು ಇನ್ನೊಂದು ಕಡೆ.

ಮಕ್ಕಳು ಕೈ ಎತ್ತಿದರು. ಮೊದಲು ಮಾತಾಡಿದವನು ನಾಲ್ಕನೆಯ ಬೆಂಚಿನ ಹುಡುಗ. ಅವನ ಅಪ್ಪ ದ್ವಿಚಕ್ರ ವಾಹನ ರಿಪೇರಿ ಮಾಡುತ್ತಾರೆ. "ನಿಲ್ಸಿಬಿಟ್ರೆ ಗಾಡಿ ಹಾಳಾಗುತ್ತೆ ಮಿಸ್. ಬ್ಯಾಟರಿ ಇಳಿಯುತ್ತೆ, ಟೈರು ಕೂತುಬಿಡುತ್ತೆ, ರಬ್ಬರೆಲ್ಲ ಒಣಗಿ ಆಯಿಲ್ ಸೋರುತ್ತೆ. ಓಡಿಸ್ತಾ ಇದ್ರೇನೇ ಚೆನ್ನಾಗಿರೋದು" ಎಂದ. ಇದಕ್ಕೆ ಒಬ್ಬ ಹುಡುಗಿಯ ಉತ್ತರ: "ನಮ್ಮಜ್ಜಿ ಮದುವೆ ಸೀರೆ ಉಡಲ್ಲ ಮಿಸ್. ಆದ್ರೆ ಸುಮ್ನೆ ಇಟ್ಟೂ ಬಿಡಲ್ಲ. ಆಗಾಗ ತೆಗೆದು ಮಡಿಕೆ ಬದಲಾಯಿಸ್ತಾರೆ. ಇಲ್ದಿದ್ರೆ ಮಡಿಕೆ ಹತ್ರ ಜರಿ ಮುರಿಯುತ್ತೆ." ಬಳಸದೆ ಇಡುವುದಕ್ಕೂ ಶ್ರಮ ಬೇಕು ಎಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ. ಮೂರನೆಯವನು ಹಲಗೆಯ ಎರಡು ಬೆಲೆಗಳನ್ನು ನೋಡಿ, ಅಷ್ಟು ಓಡಿಸಿದ್ದಕ್ಕೆ ಮಿಸ್ಟರ್ ಬೀನಿಗೆ ಎಪ್ಪತ್ತು ಕೋಟಿ ನಷ್ಟ ಎಂದ. ಇನ್ನೊಬ್ಬಳು ತಡೆದಳು: ಒಂದು 2015ರ ಬೆಲೆ, ಇನ್ನೊಂದು 2021ರದ್ದು; ನಡುವೆ ಆರು ವರ್ಷ ಇದೆ, ಹೋಲಿಸುವುದು ಹೇಗೆ? ಅಂಕಿಗಳನ್ನು ಹೀಗೆ ಪ್ರಶ್ನಿಸುವುದನ್ನು ಕಲಿಸಲೆಂದೇ ಅಲ್ಲವೇ ನಾವು ಗಣಿತ ಕಲಿಸುವುದು?

ಅಪರೂಪವಾದದ್ದಕ್ಕೆ ಬೆಲೆ ಜಾಸ್ತಿ ಎಂದು ಹಲವರು ತೀರ್ಮಾನಕ್ಕೆ ಬರುತ್ತಿದ್ದರು. ಇದಕ್ಕೆಂದು ಮೂರನೆಯ ಕಾರೊಂದನ್ನು ತಂದಿದ್ದೆ: ಜಾಗ್ವಾರ್ ಎಕ್ಸ್‌ಜೆ220. 1988ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರದರ್ಶನದಲ್ಲಿ ತೋರಿಸಿದಾಗ ಅದಕ್ಕೆ 12 ಸಿಲಿಂಡರಿನ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ ಇತ್ತು. ಜನ 50,000 ಪೌಂಡ್ ಮುಂಗಡ ಕಟ್ಟಿದರು. 1992ರಲ್ಲಿ ಕೈಗೆ ಬಂದ ಕಾರಿನಲ್ಲಿ ಇದ್ದದ್ದು ಟರ್ಬೊ ಹಾಕಿದ 6 ಸಿಲಿಂಡರ್, ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅಷ್ಟರಲ್ಲಿ ಬ್ರಿಟನ್ನಿನ ಆರ್ಥಿಕ ಸ್ಥಿತಿಯೂ ಕೆಟ್ಟಿತ್ತು. ಕೊಳ್ಳಲೊಲ್ಲದವರ ವಿವಾದ ಕೋರ್ಟಿಗೆ ಹೋಯಿತು. ಕಾರು ಕೆಟ್ಟದ್ದಾಗಿರಲಿಲ್ಲ, ಗಂಟೆಗೆ 340 ಕಿ.ಮೀ. ದಾಟಿ, ಆ ಕಾಲಕ್ಕೆ ಜಗತ್ತಿನ ಅತಿ ವೇಗದ ಕಾರುಗಳ ಸಾಲಿನಲ್ಲಿತ್ತು. ಮಾಡಿದ್ದು 280ರ ಆಸುಪಾಸು. ಆದರೂ ಬೆಲೆ ಬಿತ್ತು. ಅದೇ ಕಾಲದ ಫೆರಾರಿ ಎಫ್40ಯನ್ನು 1,300ಕ್ಕೂ ಹೆಚ್ಚು ಮಾಡಿದ್ದಾರೆ. ಸಂಖ್ಯೆಯಲ್ಲಿ ನಾಲ್ಕು ಪಟ್ಟಿಗೂ ಹೆಚ್ಚಿರುವ ಆ ಕಾರು ಇಂದು ಎಕ್ಸ್‌ಜೆ220ಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಗೆ ಹೋಗುತ್ತದೆ. ಅಪರೂಪವೊಂದೇ ಸಾಲದು ಎಂದಾಯಿತು. ಕಾರಿನ ಹಿಂದಿರುವ ಕಥೆ, ಗೆಲುವು, ಜನರ ನಂಬಿಕೆ ಇವೂ ಬೆಲೆಯೊಳಗೆ ಸೇರಿಕೊಂಡಿರುತ್ತವೆ. ರಸ್ತೆಗೆಂದು ಮಾಡಿದ ಎಫ್1ರಿಂದ ಹುಟ್ಟಿದ ರೇಸ್ ಕಾರು 1995ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಸ್ಪರ್ಧೆಯನ್ನು ಮೊದಲ ಯತ್ನದಲ್ಲೇ ಗೆದ್ದಿತ್ತು.

ಮಂಡಿಯಲ್ಲಿ ಟೊಮೇಟೊ ಹರಾಜು ನೋಡಿ ಬೆಳೆದ ಹುಡುಗನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಅವತ್ತು ಕೂಗೋರು ಇಬ್ರು ಇದ್ರೆ ರೇಟು ಏರುತ್ತೆ, ಒಬ್ರೇ ಇದ್ರೆ ಇಲ್ಲ" ಎಂದು ಕೂತುಕೊಂಡ.

ಪಾಠದ ನಂತರದ ಚರ್ಚೆಯಲ್ಲಿ ಸಹಪ್ರಶಿಕ್ಷಣಾರ್ಥಿಯೊಬ್ಬರು ಕೇಳಿದ ಪ್ರಶ್ನೆ ಗಟ್ಟಿಯಾದದ್ದು. ಮನೆಯಲ್ಲಿ ಬೈಕಿನ ಕಂತು ಕಟ್ಟಲು ಒದ್ದಾಡುವ ಮಕ್ಕಳ ಮುಂದೆ 150 ಕೋಟಿಯ ಕಾರನ್ನು ಇಡುವುದು ಸರಿಯೇ? ಹಣದ ಮೇಲಿನ ಬೆರಗನ್ನೇ ಬೆಳೆಸಿದಂತಾಗುವುದಿಲ್ಲವೇ? ನನ್ನ ಉತ್ತರ ಇಷ್ಟು: ಈ ಕಾರುಗಳ ಚಿತ್ರಗಳು ಮೊಬೈಲ್ ಆಟಗಳ ಮೂಲಕ, ನೋಟುಬುಕ್ಕಿನ ರಟ್ಟಿನ ಮೂಲಕ ಮಕ್ಕಳಿಗೆ ಆಗಲೇ ತಲುಪಿವೆ. ಬೆರಗು ಇದ್ದೇ ಇದೆ. ಇಲ್ಲದಿರುವುದು ಆ ಬೆಲೆಯನ್ನು ಬಿಡಿಸಿ ನೋಡುವ ಅಭ್ಯಾಸ. ಆದರೂ ಅವರ ಆತಂಕ ಸುಳ್ಳಲ್ಲ. ಕಾರಿನ ಬೆಲೆ ಹೇಳಿದಾಗ ಒಂದೆರಡು ಮಕ್ಕಳು ಬಾಯಿ ಮುಚ್ಚಿ ಕೂತದ್ದನ್ನು ನಾನೂ ಗಮನಿಸಿದ್ದೆ. ಆದ್ದರಿಂದ ಮರುದಿನದ ಅವಧಿಯನ್ನು ಮಕ್ಕಳ ಮನೆಯ ವಸ್ತುಗಳಿಗೇ ಮೀಸಲಿಟ್ಟೆ.

ಹಲಗೆಯ ಮೇಲೆ ಮೂರು ಅಂಕಣ ಎಳೆದೆ: ಕೊಂಡ ಬೆಲೆ, ಈಗ ಮಾರಿದರೆ ಬರುವ ಬೆಲೆ, ಇಲ್ಲದಿದ್ದರೆ ಏನಾಗುತ್ತದೆ. ಒಬ್ಬ ಹುಡುಗಿ ತನ್ನ ಅಪ್ಪನ ಹಳೆಯ ಟಿವಿಎಸ್ ಎಕ್ಸ್‌ಎಲ್ ಬರೆಸಿದಳು. ಎರಡನೆಯ ಅಂಕಣದಲ್ಲಿ 12,000. ಮೂರನೆಯದರಲ್ಲಿ: "ಬೆಳಗಿನ ಜಾವ ನಾಲ್ಕಕ್ಕೆ ಬಸ್ಸಿಲ್ಲ. ಸೊಪ್ಪು ಮಾರುಕಟ್ಟೆಗೆ ಹೋಗಲ್ಲ." ಸವಕಳಿಯ ಸೂತ್ರ ಎರಡನೆಯ ಅಂಕಣವನ್ನು ಚೆನ್ನಾಗಿ ತುಂಬುತ್ತದೆ. ಮೂರನೆಯದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಕನ್ನಡದಲ್ಲಿ ಬೆಲೆ ಮತ್ತು ಮೌಲ್ಯ ಎಂಬ ಎರಡು ಪದಗಳಿವೆ. ಮಾತಿನಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಬಳಸುತ್ತೇವೆ. ಅಂದು ಮಕ್ಕಳು ಎರಡನೆಯ ಅಂಕಣಕ್ಕೆ ಬೆಲೆ, ಮೂರನೆಯದಕ್ಕೆ ಮೌಲ್ಯ ಎಂದು ತಾವೇ ಹೆಸರಿಟ್ಟರು. ಕಾರುಪ್ರಿಯರ ವಾದವೂ ಅಲ್ಲೇ ಇದೆ: ಒಂದು ಬಣ ಮಾತಾಡುವುದು ಎರಡನೆಯ ಅಂಕಣದ ಬಗ್ಗೆ, ಇನ್ನೊಂದು ಮೂರನೆಯದರ ಬಗ್ಗೆ. ಇಬ್ಬರೂ ಒಂದೇ ಪದ ಬಳಸುವುದರಿಂದ ವಾದ ಮುಗಿಯುವುದಿಲ್ಲ.

ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಚರ್ಚೆ ಚೆನ್ನಾಗಿತ್ತು, ಮೌಲ್ಯಮಾಪನ ಹೇಗೆ? ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ನಾಲ್ಕನೆಯ ಬೆಂಚಿನ ಆ ಹುಡುಗನಿಗೆ ಹಿಂದಿನ ಕಿರುಪರೀಕ್ಷೆಯಲ್ಲಿ 25ಕ್ಕೆ 7 ಬಂದಿತ್ತು. ಚರ್ಚೆಯಲ್ಲಿ ಅವನು ಒಂದು ನಿಲುವಿಗೆ ಮೂರು ಕಾರಣ ಕೊಟ್ಟ, ಮೂರೂ ಸರಿ. ಚರ್ಚೆಗೆಂದು ನಾನು ಮಾಡಿಕೊಂಡ ಪರಿಶೀಲನಾ ಪಟ್ಟಿಯಲ್ಲಿ ಮೂರು ಅಂಶಗಳಿದ್ದವು: ಹೇಳಿಕೆಗೆ ಕಾರಣ ಕೊಡುತ್ತಾರೆಯೇ, ಬೇರೆಯವರ ಮಾತಿಗೆ ಉತ್ತರಿಸುತ್ತಾರೆಯೇ, ಅಂಕಿಯನ್ನು ಪುರಾವೆಯಾಗಿ ಬಳಸುತ್ತಾರೆಯೇ. ಮೊದಲ ಎರಡರಲ್ಲಿ ಅವನು ತರಗತಿಯ ಮುಂದಿನ ಸಾಲಿನಲ್ಲಿದ್ದ. ಮೂರನೆಯದರಲ್ಲಿ ಇಲ್ಲ, ದಶಮಾಂಶ ಗುಣಾಕಾರ ಅವನಿಗೆ ಇನ್ನೂ ತೊಡಕು. ಎರಡೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಬಾರದು. 7 ಅಂಕ ಅವನ ಬೆಲೆಯೂ ಅಲ್ಲ. ಹಾಗೆಂದು ಆ 7ನ್ನು ಮರೆತರೆ ಅವನಿಗೆ ಉಪಕಾರವೂ ಅಲ್ಲ. ಅಪ್ಪನ ಗ್ಯಾರೇಜಿಗೆ ಬರುವ ಹಳೆಯ ಬೈಕುಗಳನ್ನೇ ಇಟ್ಟುಕೊಂಡು ಲೆಕ್ಕ ಕೊಟ್ಟೆ. ಮೊದಲ ವರ್ಷದ ಸವಕಳಿಯನ್ನು ಅವನೇ ತೆಗೆದ. ಎರಡು ಮತ್ತು ಮೂರನೆಯ ವರ್ಷಕ್ಕೆ ಪಕ್ಕದಲ್ಲಿ ಕೂರಬೇಕಾಯಿತು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಈ ಘಟಕ ತೆಗೆದುಕೊಂಡರೆ ನನ್ನದೊಂದು ಸಲಹೆ. ದೊಡ್ಡ ಕಾರಿನ ಉದಾಹರಣೆ ಬಳಸಿ, ಆದರೆ ಅದಕ್ಕೆ ಒಂದು ಅವಧಿ ಸಾಕು. ಎರಡನೆಯ ಅವಧಿ ಮಕ್ಕಳ ಮನೆಗೆ ಸೇರಬೇಕು. ಕೊನೆಗೆ ಮನೆಗೆಲಸವಾಗಿ ಹೀಗೆ ಕೇಳಿ: ಬೆಲೆ ಇಳಿದಿದ್ದರೂ ನಿಮ್ಮ ಮನೆಯವರು ಮಾರದೆ ಇಟ್ಟುಕೊಂಡಿರುವ ಒಂದು ವಸ್ತು ಯಾವುದು, ಏಕೆ? ನನಗೆ ಬಂದ 34 ಉತ್ತರಗಳಲ್ಲಿ ಹೊಲಿಗೆ ಯಂತ್ರವೇ ಹೆಚ್ಚು. ಒರಳುಕಲ್ಲು ಇತ್ತು, ತೀರಿಕೊಂಡ ತಾತನ ರೇಡಿಯೊ ಇತ್ತು. ನಾಲ್ಕನೆಯ ಬೆಂಚಿನ ಹುಡುಗ ಬರೆದದ್ದು ಅಪ್ಪನ ಮೊದಲ ಸ್ಪ್ಯಾನರ್ ಸೆಟ್ಟಿನ ಬಗ್ಗೆ. ಕೊಂಡ ಬೆಲೆ, ಈಗಿನ ಬೆಲೆ ಎರಡನ್ನೂ ಬರೆದು, ಇಳಿಕೆ ಶೇಕಡಾ ಎಷ್ಟೆಂದು ಯಾರೂ ಕೇಳದಿದ್ದರೂ ಪಕ್ಕದಲ್ಲಿ ಲೆಕ್ಕ ಮಾಡಿದ್ದ. ಉತ್ತರ ಸರಿಯಾಗಿತ್ತು.