ಸೂರಕ್ಕಿಗೆ ಸೀಸೆ ಬೇಡ

‘ನಮ್ಮ ಮನೆಯ ದಾಸವಾಳಕ್ಕೆ ಹಮ್ಮಿಂಗ್ ಬರ್ಡ್ ಬಂದಿತ್ತು’ ಎಂದು ಶಾಲೆಯಲ್ಲಿ ಹೇಳಿಕೊಳ್ಳುವ ಮಕ್ಕಳು ಇಂದಿಗೂ ಇದ್ದಾರೆ. ಹಾಗೆ ಹೇಳುವ ದೊಡ್ಡವರಿಗೂ ಕೊರತೆಯಿಲ್ಲ. ಗುಬ್ಬಿಗಿಂತ ಚಿಕ್ಕ ಹಕ್ಕಿ, ಬಾಗಿದ ತೆಳ್ಳನೆಯ ಕೊಕ್ಕು, ಬಿಸಿಲಿಗೆ ಮಿಂಚುವ ಮೈ - ಇಷ್ಟು ಕಂಡರೆ ಸಾಕು, ಟೆಲಿವಿಷನ್ನಿನಲ್ಲಿ ಕೇಳಿದ ಹೆಸರು ನಾಲಿಗೆಗೆ ಬಂದುಬಿಡುತ್ತದೆ. ಆದರೆ ಕರ್ನಾಟಕದ ಯಾವ ಹಿತ್ತಲಿಗೂ, ಅಷ್ಟೇಕೆ, ಇಡೀ ಭಾರತದ ಯಾವ ತೋಟಕ್ಕೂ ಹಮ್ಮಿಂಗ್ ಬರ್ಡ್ ಬರುವುದಿಲ್ಲ. ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಹರಡಿರುವ ಅದರ 350ಕ್ಕೂ ಹೆಚ್ಚು ಪ್ರಭೇದಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ನೆಲೆಸಿಲ್ಲ. ದಾಸವಾಳಕ್ಕೆ ಬಂದದ್ದು ಸೂರಕ್ಕಿ.

ಇವೆರಡೂ ನೆಂಟರೂ ಅಲ್ಲ. ಹಮ್ಮಿಂಗ್ ಬರ್ಡ್‌ಗೆ ಹತ್ತಿರದ ಸಂಬಂಧಿ ಎಂದರೆ ಆಕಾಶದಲ್ಲೇ ಹೊತ್ತು ಕಳೆಯುವ ಬಾನಾಡಿಗಳು. ಸೂರಕ್ಕಿಯಾದರೋ ಕಾಗೆ, ಗುಬ್ಬಿಗಳು ಸೇರಿದ ದೊಡ್ಡ ಬಳಗದ್ದು. ಹೂವಿನ ಮಕರಂದ ಕುಡಿಯುವ ಒಂದೇ ಕಸುಬು ಎರಡನ್ನೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಮಾಡಿದೆ. ಕಸುಬು ಒಂದಾದರೂ ಮಾಡುವ ರೀತಿ ಬೇರೆ. ಅಮೆರಿಕದ ಪೂರ್ವ ರಾಜ್ಯಗಳ ಮನೆಯಂಗಳಗಳಿಗೆ ಬರುವ ಕೆಂಪು ಕೊರಳಿನ ಹಮ್ಮಿಂಗ್ ಬರ್ಡ್ ಸುಮಾರು 3 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಕುಡಿಯುತ್ತದೆ, ಹಿಂದಕ್ಕೂ ಹಾರುತ್ತದೆ. ಸೂರಕ್ಕಿ ಅದರ ಎರಡರಷ್ಟಕ್ಕಿಂತಲೂ ಭಾರ. ಅದೂ ಅರೆಗಳಿಗೆ ಗಾಳಿಯಲ್ಲಿ ನಿಂತೀತು. ಆದರೆ ಹೆಚ್ಚಾಗಿ ಹೂವಿನ ತೊಟ್ಟಿನ ಮೇಲೆ ಕೂತು, ಕತ್ತು ತಿರುಚಿ, ಬೇಕಾದರೆ ತಲೆಕೆಳಗಾಗಿ ಜೋತು ಕುಡಿಯುವುದೇ ಅದರ ಪದ್ಧತಿ. ಕೊಕ್ಕು ಒಳಗೆ ಹೋಗದ ಹೂವಾದರೆ ಬುಡದಲ್ಲಿ ತೂತು ಕೊರೆದು ಕದಿಯುವುದೂ ಉಂಟು.

ಈ ವ್ಯತ್ಯಾಸ ಪುಸ್ತಕದಲ್ಲಿ ಓದಿದರೆ ಚಿಕ್ಕದು. ಮೈಸೂರಿನ ಕುವೆಂಪುನಗರದ ಒಂದು ಮನೆಗೆ ಅದು ಒಂದು ಸೀಸೆಯ ರೂಪದಲ್ಲಿ ಬಂತು.

ಆ ಮನೆಯ ಹಿರಿಯ ಮಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ತಂಗಿಯ ಒಂಬತ್ತನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ತಂದೆ, ತಾಯಿ, ಮಗಳು ಮೂವರೂ ಅಲ್ಲಿಗೆ ಹೋಗಿದ್ದರು. ಅವನ ಹಿತ್ತಲಿನಲ್ಲಿ ಕೆಂಪು ಬುಡದ ಒಂದು ಪ್ಲಾಸ್ಟಿಕ್ ಸೀಸೆ ತೂಗುತ್ತಿತ್ತು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಬೆರೆಸುವಂತಿಲ್ಲ, ಜೇನು ಹಾಕುವಂತಿಲ್ಲ, ಸೆಕೆಗಾಲದಲ್ಲಿ ಎರಡು ದಿನಕ್ಕೊಮ್ಮೆ ತೊಳೆಯಬೇಕು - ಇವು ಅದರ ನೇಮಗಳು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಚಳಿಗಾಲ ಕಳೆದು ವಸಂತಕ್ಕೆ ಹಿಂದಿರುಗುವ ಆ ಹಕ್ಕಿಗಳಲ್ಲಿ ಎಷ್ಟೋ ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಒಂದೇ ಹಾರಿಕೆಯಲ್ಲಿ ದಾಟುತ್ತವೆ. ಅಂಥ ಹಕ್ಕಿ ಮೊಳದ ದೂರದಲ್ಲಿ ಗುಂಯ್‌ಗುಟ್ಟುತ್ತ ನಿಂತದ್ದನ್ನು ಕಂಡ ತಂದೆ ಮರುಳಾಗಿಬಿಟ್ಟರು. ಊರಿಗೆ ಹಿಂದಿರುಗುವಾಗ ಪೆಟ್ಟಿಗೆಯಲ್ಲಿ ಅಂಥದೇ ಒಂದು ಸೀಸೆ ಇತ್ತು.

ಮೈಸೂರಿನ ಮನೆಯ ಜಗುಲಿಯ ಮುಂದೆ ಸೀಸೆ ತೂಗಿತು. ಮೊದಲ ದಿನ ಇರುವೆ ಬಂದವು. ಎರಡನೆಯ ದಿನ ಇನ್ನಷ್ಟು ಇರುವೆ ಬಂದವು. ಮೂರನೆಯ ದಿನ ಜೇನ್ನೊಣಗಳು ಬಂದವು, ನೀರು ಹುಳಿಯಾಯಿತು. ಹಕ್ಕಿ ಬರಲಿಲ್ಲ. ಸೂರಕ್ಕಿಗಳು ಸಕ್ಕರೆ ನೀರು ಕುಡಿಯುವುದಿಲ್ಲವೆಂದಲ್ಲ, ಕುಡಿದ ಉದಾಹರಣೆಗಳುಂಟು. ಆದರೆ ಗಾಳಿಯಲ್ಲಿ ನಿಂತು ಕುಡಿಯುವವರಿಗಾಗಿ ಮಾಡಿದ ಆ ಸೀಸೆಗೆ ಕೂರಲು ಒಂದು ಕಡ್ಡಿಯೂ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾರಣವನ್ನು ಹೇಳಿದವರು ಮನೆಯ ಅಜ್ಜಿ.

‘ಅಲ್ಲ ಕಣೋ, ಹೂ ಬಿಡೋ ಗಿಡಾನೆಲ್ಲ ಕೀಳಿಸಿ ಸಿಮೆಂಟು ಹಾಕಿಸ್ದೆ. ಈಗ ಸೀಸೇಲಿ ಪಾನಕ ಇಟ್ಟು ಬಾ ಅಂದ್ರೆ ಯಾರು ಬರ್ತಾರೆ? ಮೊದಲು ಬಾಳೆ ಮೂತಿಗೆ ದಿನಾ ಬರ್ತಿತ್ತಲ್ಲ ಸೂರಕ್ಕಿ, ನೀನು ನೋಡೇ ಇರಲಿಲ್ಲ.’

ನಾಲ್ಕು ವರ್ಷದ ಹಿಂದೆ ಕಾರು ನಿಲ್ಲಿಸುವುದಕ್ಕೆಂದು ಅಂಗಳಕ್ಕೆ ಸಿಮೆಂಟು ಬಿದ್ದಿತ್ತು. ಬಾಳೆ, ದಾಸವಾಳ, ದಾಳಿಂಬೆ ಹೋಗಿ ಕುಂಡದ ಕ್ರೋಟನ್‌ಗಳು ಬಂದಿದ್ದವು. ಎಲೆಯ ಅಂದಕ್ಕಾಗಿ ಸಾಕುವ ಗಿಡದಲ್ಲಿ ಸೂರಕ್ಕಿಗೆ ಏನೂ ಸಿಗುವುದಿಲ್ಲ.

ಹುಡುಗಿ ಒಂದು ಇನ್ನೂರು ಪುಟದ ನೋಟ್ ಪುಸ್ತಕ ತೆಗೆದುಕೊಂಡು ಬೀದಿಯಲ್ಲಿ ಯಾವ ಗಿಡಕ್ಕೆ ಹಕ್ಕಿ ಬರುತ್ತದೆಂದು ಬರೆಯತೊಡಗಿದಳು. ನುಗ್ಗೆ, ದಾಸವಾಳ, ರತ್ನಗಂಧಿ ಪಟ್ಟಿಯಲ್ಲಿ ಸೇರಿದವು. ಎಲ್ಲಕ್ಕಿಂತ ಹೆಚ್ಚು ಗೆರೆ ಬಿದ್ದದ್ದು ಮೂಲೆಮನೆಯ ಹ್ಯಾಮೀಲಿಯ ಗಿಡದ ಮುಂದೆ. ಕಿತ್ತಳೆಗೆಂಪಿನ ಸಣ್ಣ ಕೊಳವೆಯಂಥ ಹೂಗಳ ಈ ಪೊದೆ ಹುಟ್ಟಾ ಅಮೆರಿಕದ್ದು. ತವರಿನಲ್ಲಿ ಅದರ ಹೂವಿಗೆ ಎಡತಾಕುವುದು ಹಮ್ಮಿಂಗ್ ಬರ್ಡ್. ಹಕ್ಕಿ ಸಮುದ್ರ ದಾಟಿ ಬರಲಿಲ್ಲ, ಗಿಡ ಬಂತು. ಬಂದ ಗಿಡದ ಅಂಗಡಿಯನ್ನು ಇಲ್ಲಿನ ಸೂರಕ್ಕಿ ವಹಿಸಿಕೊಂಡಿತು. ಜೇನ್ನೊಣದ ಕಣ್ಣಿಗೆ ಕೆಂಪು ಅಷ್ಟಾಗಿ ಕಾಣದು, ಹಕ್ಕಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಕ್ಕಿಯನ್ನು ನೆಚ್ಚಿಕೊಂಡ ಹೂಗಳಲ್ಲಿ ಅನೇಕವು ಕೆಂಪಾಗಿ, ಕೊಳವೆಯಾಗಿ, ಸುವಾಸನೆಯಿಲ್ಲದೆ ಇರುವುದು ಸುಮ್ಮನೆ ಅಲ್ಲ.

ಮಳೆಗಾಲದಲ್ಲಿ ಸಿಮೆಂಟಿನ ಒಂದು ಅಂಚು ಒಡೆಸಿ ಹ್ಯಾಮೀಲಿಯ, ದಾಸವಾಳ ನೆಟ್ಟರು. ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದಾಗ ಔಷಧ ಹೊಡೆಯಹೊರಟ ತಂದೆಯನ್ನು ಮಗಳು ತಡೆದಳು. ಸೂರಕ್ಕಿ ಮಕರಂದವೊಂದರಿಂದಲೇ ಬದುಕುವುದಿಲ್ಲ. ಜೇಡ, ಹುಳುಗಳನ್ನೂ ತಿನ್ನುತ್ತದೆ, ಮರಿಗಳಿಗಂತೂ ಹುಳುವೇ ಮುಖ್ಯ. ವಿಷ ಹೊಡೆದ ಗಿಡ ಅದಕ್ಕೆ ಬರಿದಾದ ಉಗ್ರಾಣ. ತಿಗಣೆಯನ್ನು ಸಾಬೂನು ನೀರಿನಿಂದ ಒರೆಸಿದ್ದಾಯಿತು.

ದೀಪಾವಳಿ ಕಳೆದ ಮೇಲೆ ಒಂದು ಜೋಡಿ ಬಂತು. ಗಂಡಿನ ನೆತ್ತಿ ಹೊಳೆಯುವ ಹಸಿರು, ಬೆನ್ನು ಕಡುಗೆಂಪು, ಗಂಟಲು ನೇರಳೆ, ಹೊಟ್ಟೆ ಹಳದಿ. ಹೆಣ್ಣು ಬೂದುಗಂದು, ಎದೆಯಲ್ಲಿ ಮಾತ್ರ ತಿಳಿಹಳದಿ. ದಕ್ಷಿಣ ಭಾರತದ ಊರುಗಳಲ್ಲಿ ಸುಲಭವಾಗಿ ಕಾಣುವ ಸೂರಕ್ಕಿ ಇದು. ಮೈಯೆಲ್ಲ ಕಪ್ಪುನೀಲಿಯಾಗಿ ಮಿರುಗುವ ಇನ್ನೊಂದು ಬಗೆಯೂ ಉಂಟು. ಅದರ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಮಂಕಾಗಿ, ಗಂಟಲಿನಿಂದ ಎದೆಗಿಳಿದ ಕಪ್ಪು ಪಟ್ಟೆಯೊಂದನ್ನು ಉಳಿಸಿಕೊಳ್ಳುತ್ತದೆ. ಇದನ್ನೆಲ್ಲ ಹುಡುಗಿ ಸಲೀಂ ಅಲಿಯವರ ಪುಸ್ತಕದಿಂದ ಗುರುತಿಸಿದಳು. 1941ರಲ್ಲಿ ಮೊದಲು ಅಚ್ಚಾದ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಇಂದಿಗೂ ಎಷ್ಟೋ ಮನೆಗಳಲ್ಲಿ ಮೊದಲ ಹಕ್ಕಿ ಪುಸ್ತಕ.

ಸಂಕ್ರಾಂತಿಯ ಹೊತ್ತಿಗೆ ಹುಡುಗಿ ಓದುವ ಕೋಣೆಯ ಕಿಟಕಿಯ ಹೊರಗೆ, ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಕಸ ಸಿಕ್ಕಿಕೊಂಡಂತೆ ಏನೋ ಜೋಲತೊಡಗಿತು. ನಾರು, ತೊಗಟೆ ಚೂರು, ಒಣ ಎಲೆ, ಕಂಬಳಿಹುಳುವಿನ ಹಿಕ್ಕೆ - ಎಲ್ಲವನ್ನೂ ಜೇಡರ ಬಲೆಯ ಎಳೆಯಿಂದ ಬಿಗಿದು ಸೂರಕ್ಕಿ ಹೆಣೆಯುವ ಗೂಡು ಅದು. ಪಕ್ಕದಲ್ಲಿ ಬಾಗಿಲು, ಬಾಗಿಲಿನ ಮೇಲೆ ಮಳೆ ಬಿಸಿಲಿಗೆ ಒಂದು ಸೂರು. ಒಳಗೆ ಮೆತ್ತನೆಯ ಹತ್ತಿಯ ಹಾಸು.

ಪಕ್ಕದ ಮನೆಯ ಎಂಟು ವರ್ಷದ ಹುಡುಗನಿಗೂ ಅದರ ಮೇಲೆ ಬಹಳ ಪ್ರೀತಿ. ಮಧ್ಯಾಹ್ನದ ಬಿಸಿಲು ಗೂಡಿಗೆ ನೇರವಾಗಿ ಬೀಳುತ್ತದೆಂದು ಕನಿಕರಪಟ್ಟು, ಯಾರೂ ಇಲ್ಲದಾಗ ಸ್ಟೂಲು ಹಾಕಿ ಗೂಡನ್ನು ಬಿಡಿಸಿ ಸೀಬೆ ಮರದ ನೆರಳಿಗೆ ದಾರದಿಂದ ಕಟ್ಟಿದ. ಹೆಣ್ಣು ಹಕ್ಕಿ ಎರಡು ದಿನ ಬಂದು ತಂತಿಯ ಅದೇ ತುದಿಯಲ್ಲಿ ಕೂತು ಕೂಗಿತು. ನಾಲ್ಕು ಮಾರು ದೂರದಲ್ಲಿದ್ದ ಗೂಡಿಗೆ ಹೋಗಲಿಲ್ಲ. ಒಳಗೆ ಎರಡು ಮೊಟ್ಟೆಗಳು ತಣ್ಣಗಾಗಿದ್ದವು. ಹುಡುಗ ಅತ್ತ. ಅವನನ್ನು ಯಾರೂ ಬಯ್ಯಲಿಲ್ಲ. ‘ಪಾಪ, ಒಳ್ಳೇದಕ್ಕೇ ಮಾಡಿದಾನೆ’ ಎಂದರು ಅಜ್ಜಿ.

ಅದೇ ವಾರ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂತು. ಗಣಿತದಲ್ಲಿ ಕಡಿಮೆ. ತಾಯಿಗೆ ಕಾರಣ ಹುಡುಕುವ ಕಷ್ಟವಿರಲಿಲ್ಲ. ಕಿಟಕಿಯ ಹೊರಗೇ ಇತ್ತು. ನೋಟ್ ಪುಸ್ತಕ ಬೀರುವಿಗೆ ಸೇರಿತು, ಕಿಟಕಿಗೆ ಪರದೆ ಬಿತ್ತು. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ‘ಓದ್ತಿದೀಯಾ?’ ಎಂದು ಕೇಳುವುದು, ಹಾಲು ಇಡುವುದು, ಮತ್ತೆ ಬಂದು ಲೋಟ ಒಯ್ಯುವುದು ನಡೆಯಿತು. ಓದು ಏರಲಿಲ್ಲ. ಮನೆಯಲ್ಲಿ ಮಾತು ಮಾತ್ರ ಕಡಿಮೆಯಾಯಿತು.

ಫೆಬ್ರವರಿಯಲ್ಲಿ ಅದೇ ತಂತಿಯಲ್ಲಿ ಮತ್ತೊಂದು ಗೂಡು ಮೂಡಿತು. ಅದನ್ನು ಮೊದಲು ಕಂಡವರು ತಾಯಿ, ಬಟ್ಟೆ ಒಣಹಾಕುವಾಗ. ಆ ದಿನದಿಂದ ಬಟ್ಟೆ ಮಹಡಿಯ ಮೇಲೆ ಒಣಗಿತು. ಜಗುಲಿಯ ಸೂರಿನ ಜೇಡರ ಬಲೆಗೆ ಕೋಲು ತಾಗಿಸುವುದನ್ನೂ ಅವರು ಬಿಟ್ಟರು, ಹಕ್ಕಿ ಅಲ್ಲಿಂದಲೇ ಎಳೆ ಕೀಳುತ್ತಿತ್ತು. ಯುಗಾದಿಗೆ ಮುಂಚೆ ಸುಣ್ಣಬಣ್ಣ ಆಗಬೇಕಿತ್ತು. ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂದು ತಂದೆ ಹೇಳಿದಾಗ ಬಣ್ಣದವನು ‘ಗೂಡಿಗೋಸ್ಕರನಾ ಸಾರ್?’ ಎಂದು ನಕ್ಕ. ಹತ್ತು ಅಡಿ ದೂರದಲ್ಲಿ ಒಂದು ಕುರ್ಚಿ, ಅದಕ್ಕಿಂತ ಹತ್ತಿರ ಯಾರೂ ಹೋಗುವಂತಿಲ್ಲ ಎಂಬ ನಿಯಮವಾಯಿತು. ನಿಯಮ ಪಾಲಿಸಲು ಮುಂದೆ ನಿಂತವನು ಪಕ್ಕದ ಮನೆಯ ಹುಡುಗ.

ತಾಯಿ ಒಂದು ಸಂಜೆ ನೋಟ್ ಪುಸ್ತಕವನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನೋಡುವುದೆಂದು ಒಪ್ಪಂದವಾಯಿತು. ಉಳಿದ ಹೊತ್ತು ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ತಾಯಿ ನಡುಮನೆಯಲ್ಲಿ ಕೂತಿರುತ್ತಿದ್ದರು. ಹಾಲು ಬೇಕೆಂದಾಗ ಮಗಳೇ ಕೇಳಿದಳು.

ಸುಮಾರು ಎರಡು ವಾರ ಹೆಣ್ಣು ಕಾವು ಕೂತಿತು. ಮರಿಯಾದ ಮೇಲೆ ಗಂಡೂ ಹುಳು ತಂದು ಉಣಿಸಿತು. ಮರಿಗಳು ಗೂಡು ಬಿಟ್ಟ ದಿನ ಹುಡುಗಿ ಗಣಿತದ ಪರೀಕ್ಷೆ ಬರೆಯುತ್ತಿದ್ದಳು. ತಿಂಗಳುಗಟ್ಟಲೆ ಕಾದವಳಿಗೆ ಆ ಗಳಿಗೆ ಸಿಗಲಿಲ್ಲ, ಕಂಡದ್ದು ಅಜ್ಜಿಗೆ. ಅವರು ಹೇಳಿದಂತೆ ಹುಡುಗಿ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು: ಮೊದಲ ಮರಿ ಹ್ಯಾಮೀಲಿಯಕ್ಕೆ ಹಾರಿತು, ಎರಡನೆಯದು ಬಹಳ ಹೊತ್ತು ಬಾಗಿಲಲ್ಲಿ ಕೂತಿತ್ತು. ಪರೀಕ್ಷೆಯ ಫಲಿತಾಂಶ ಬಂದಾಗ ಗಣಿತದ ಅಂಕ ಸಾಧಾರಣವಾಗಿಯೇ ಇತ್ತು. ಸೂರಕ್ಕಿ ಅದನ್ನು ಏರಿಸಿಯೂ ಇರಲಿಲ್ಲ, ಇಳಿಸಿಯೂ ಇರಲಿಲ್ಲ.

ಹಕ್ಕಿಯನ್ನು ಕರೆಯಬೇಕೆನ್ನುವವರಿಗೆ ಎಕರೆಗಟ್ಟಲೆ ತೋಟ ಬೇಕಿಲ್ಲ. ಬಾಲ್ಕನಿ ಇದ್ದವರಿಗೆ ಎರಡು ದೊಡ್ಡ ಕುಂಡಗಳಲ್ಲಿ ದಾಸವಾಳ, ಹ್ಯಾಮೀಲಿಯ ಸಾಕು. ನೆಲವಿದ್ದವರು ಬಾಳೆಯನ್ನೋ ನುಗ್ಗೆಯನ್ನೋ ಇಡಬಹುದು. ಕೀಟನಾಶಕ ಬೇಡ, ಒಂದು ಮೂಲೆಯ ಜೇಡರ ಬಲೆ ಇರಲಿ. ಗಂಡು ಕಿಟಕಿಯ ಗಾಜನ್ನು ಕುಕ್ಕತೊಡಗಿದರೆ ಅದು ತನ್ನ ಬಿಂಬವನ್ನು ಎದುರಾಳಿಯೆಂದು ತಿಳಿದಿದೆ. ಗಾಜಿಗೆ ಹೊರಗಿನಿಂದ ಕಾಗದ ಅಂಟಿಸಿದರೆ ಜಗಳ ನಿಲ್ಲುತ್ತದೆ. ಗೂಡು ಕಂಡರೆ ದೂರದಲ್ಲಿ ಕೂರಬೇಕು, ಇಣುಕಬಾರದು, ಮುಟ್ಟಬಾರದು. ಕುವೆಂಪುನಗರದ ಆ ಮನೆಯ ಸೀಸೆಯಲ್ಲಿ ಈಗ ಅಜ್ಜಿ ದೀಪದ ಎಣ್ಣೆ ತುಂಬಿಡುತ್ತಾರೆ.