ಕಪ್ಪು ಬಿಳುಪಿನ ಬಾಕಿ ಲೆಕ್ಕ

ದಿನಪತ್ರಿಕೆಯಲ್ಲಿ ಅಚ್ಚಾದ ಕಪ್ಪು ಬಿಳುಪು ಭಾವಚಿತ್ರವೊಂದನ್ನು ಭೂತಕನ್ನಡಿಯ ಕೆಳಗಿಟ್ಟು ನೋಡಿರಿ. ಮುಖ ಮಾಯವಾಗಿ ಬರಿಯ ಚುಕ್ಕಿಗಳು ಕಾಣುತ್ತವೆ. ಬೂದು ಬಣ್ಣದ ಶಾಯಿ ಅಲ್ಲಿಲ್ಲ. ಚುಕ್ಕಿ ದಪ್ಪವಾದಲ್ಲಿ ನೆರಳು, ಸಣ್ಣದಾದಲ್ಲಿ ಬೆಳಕು. ಉಳಿದುದನ್ನು ನಮ್ಮ ಕಣ್ಣು ತಾನೇ ಕಲ್ಪಿಸಿಕೊಳ್ಳುತ್ತದೆ.

ಹಳೆಯ ಗಣಕಯಂತ್ರಗಳ ತೆರೆಯೂ ಹೀಗೆಯೇ. ಆಪಲ್ ಕಂಪೆನಿಯು 1984ರಲ್ಲಿ ಹೊರತಂದ ಮ್ಯಾಕಿಂಟೋಷ್ ಯಂತ್ರದ ತೆರೆಯಲ್ಲಿ ಅಡ್ಡಕ್ಕೆ 512, ಮೇಲಿಂದ ಕೆಳಕ್ಕೆ 342 ಚುಕ್ಕಿಗಳು. ಪ್ರತಿಯೊಂದೂ ಕಪ್ಪು, ಇಲ್ಲವೇ ಬಿಳಿ. ಇಂಥ ಯಂತ್ರಗಳನ್ನು ಜೋಪಾನವಾಗಿಟ್ಟು, ಅವಕ್ಕೆ ಹೊಸ ಪ್ರೋಗ್ರಾಮು ಬರೆಯುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅಂದಿನ ಚಿತ್ರ ತೋರಿಸುವ ಪ್ರೋಗ್ರಾಮಿಗೆ ಮ್ಯಾಕ್‌ಪೇಂಟಿನಲ್ಲಿ ಬರೆದ ಚಿತ್ರಗಳು ಗೊತ್ತು. 1992ರಲ್ಲಿ ಮಾನಕವಾದ ಜೆಪೆಗ್ ಚಿತ್ರಗಳು ಗೊತ್ತಿಲ್ಲ. ಅವನ್ನು ಓದಲು ಕಲಿಸುವುದೇ ಅದರ ನವೀಕರಣ.

ಕೆಲಸವಿಲ್ಲದವರ ಕೆಲಸವೆಂದು ಕೆಲವು ಹಿರಿಯರು ನಕ್ಕಾರು. ನಮಗೆ ಹಾಗೆನ್ನಿಸುವುದಿಲ್ಲ. ತೆರೆಯಷ್ಟಗಲದ ಬೂದು ಚಿತ್ರಕ್ಕೆ, ಚುಕ್ಕಿಗೊಂದು ಬೈಟಿನಂತೆ, 1,75,104 ಬೈಟುಗಳು ಬೇಕು. ಆ ಮೊದಲ ಯಂತ್ರದ ಇಡೀ ಸ್ಮರಣೆಯೇ 1,31,072 ಬೈಟು! ಆದ್ದರಿಂದ ಚಿತ್ರವನ್ನು ಕೆಲವೇ ಸಾಲುಗಳಂತೆ ಬಿಡಿಸಿ, ಕಪ್ಪು ಬಿಳುಪಾಗಿಸಿ, ಮುಂದಿನ ಸಾಲುಗಳಿಗೆ ಹೋಗಬೇಕು. ಒಂದೇ ಕಾವಲಿಯಲ್ಲಿ ನೂರು ಜನರಿಗೆ ನೀರುದೋಸೆ ಹೊಯ್ದಂತೆ.

ಇನ್ನು ಕಪ್ಪು ಬಿಳುಪಾಗಿಸುವ ಬಗೆ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 255 ಎಂದಿರಲಿ. ಒಂದು ಚುಕ್ಕಿಯ ಬೆಳಕು 100. ಕಪ್ಪಿಗೇ ಹತ್ತಿರವಾದ್ದರಿಂದ ಅದು ಕಪ್ಪಾಯಿತು. ಆ 100 ಎಲ್ಲಿ ಹೋಗಬೇಕು? ಮರೆತುಬಿಟ್ಟರೆ ಇಡೀ ಕೆನ್ನೆ ಮಸಿಯಾಗುತ್ತದೆ. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಎಂಬವರು 1976ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಆ ಬಾಕಿಯನ್ನು ಇನ್ನೂ ತೀರ್ಮಾನವಾಗದ ನೆರೆಯ ನಾಲ್ಕು ಚುಕ್ಕಿಗಳಿಗೆ ಹಂಚುತ್ತಾರೆ. ಮ್ಯಾಕ್‌ಪೇಂಟ್ ಬರೆದ ಬಿಲ್ ಅಟ್ಕಿನ್ಸನ್ನರ ಕ್ರಮ ಬೇರೆ: ಬಾಕಿಯನ್ನು ಎಂಟು ಪಾಲು ಮಾಡಿ, ಆರು ಚುಕ್ಕಿಗಳಿಗೆ ಒಂದೊಂದು ಪಾಲು ಕೊಟ್ಟು, ಎರಡು ಪಾಲನ್ನು ಕೈಬಿಡುವುದು. ನಮ್ಮ ಗಣಿತದ ಮೇಷ್ಟರು ಇದನ್ನು ಒಪ್ಪಲಿಕ್ಕಿಲ್ಲ. ಆದರೂ ಆ ಕೈಬಿಟ್ಟ ಪಾಲಿನಿಂದಲೇ ಚಿತ್ರ ಎದ್ದು ಕಾಣುತ್ತದೆ. ಎಂಟರಿಂದ ಭಾಗಿಸುವುದು ಯಂತ್ರಕ್ಕೂ ಸುಲಭ. ಅಂಕಿಗಳನ್ನು ಮೂರು ಸ್ಥಾನ ಬಲಕ್ಕೆ ಸರಿಸಿದರಾಯಿತು.

ಆ ಯಂತ್ರದೊಡನೆ ಬಂದ ಅಕ್ಷರಗಳಲ್ಲಿ ಕನ್ನಡವೂ ಇರಲಿಲ್ಲ, ಮಲಯಾಳವೂ ಇರಲಿಲ್ಲ. ಆದರೆ ಚಿತ್ರ ತೋರಿಸುವ ಪ್ರೋಗ್ರಾಮಿಗೆ ಲಿಪಿಭೇದವಿಲ್ಲ. ಹಳೆಯ ಕನ್ನಡ ಪುಸ್ತಕದ ಪುಟದ ಚಿತ್ರವನ್ನೂ ಅದು ತೋರಿಸಬಲ್ಲದು. ಇಲ್ಲಿ ಮಾತ್ರ ಹಂಚುವ ಕ್ರಮ ಸಲ್ಲದು ಎಂದು ನಮ್ಮ ಅಭಿಪ್ರಾಯ. ಹಳದಿಯಾದ ಕಾಗದದ ಬೂದು ಚುಕ್ಕಿಗಳಾಗಿ ಸಿಡಿದು, ಒಂದೆರಡು 'ದ'ಕಾರದ ಕೆಳಗೆ ಹೋಗಿ ನಿಂತರೆ 'ದನ'ವು 'ಧನ'ವಾದೀತು! ಪುಟಗಳಿಗೆ ಬಾಕಿ ಇಡದೆ, 128ಕ್ಕಿಂತ ಕಡಮೆಯಾದರೆ ಕಪ್ಪು, ಉಳಿದದ್ದು ಬಿಳಿ ಎಂಬ ನೇರ ತೀರ್ಪೇ ಲೇಸು. ಎರಡೂ ಕ್ರಮಗಳನ್ನಿಟ್ಟು, ಆರಿಸುವ ಕೆಲಸವನ್ನು ನೋಡುವವರಿಗೆ ಬಿಡುವ ಪ್ರೋಗ್ರಾಮೇ ಒಳ್ಳೆಯದು.

ಮಕ್ಕಳೇ, ಹಂಚುವ ಕ್ರಮವನ್ನು ಪರೀಕ್ಷಿಸಲು ಯಂತ್ರ ಬೇಡ, ಚೌಕುಳಿ ಪುಸ್ತಕ ಸಾಕು. ಸಾಲಾಗಿ 51 ಚೌಕಗಳಿಗೂ 100 ಎಂದೇ ಬರೆಯಿರಿ. ಬಾಕಿ ಪೂರ್ತಿ ಬಲದ ಚೌಕಕ್ಕೇ ಹೋಗಲಿ. ಮೊದಲನೆಯದು ಕಪ್ಪು, ಎರಡನೆಯದು 200 ಆಗಿ ಬಿಳಿ, ಅಲ್ಲಿ 55 ಸಾಲ, ಮೂರನೆಯದಕ್ಕೆ ಉಳಿದದ್ದು 45, ಮತ್ತೆ ಕಪ್ಪು. ಕೊನೆಯವರೆಗೆ ಹೋದರೆ 20 ಚೌಕಗಳು ಬಿಳಿಯಾಗಿ, ಬಾಕಿ ಸೊನ್ನೆಯಾಗಬೇಕು.