ಪಕ್ಕದ ಚಕ್ರವನ್ನು ನೋಡಿ ಕಲಿತದ್ದು

ನನ್ನ ಬಳಿ 2004ರಲ್ಲಿ ಕೊಂಡ ಮಾರುತಿ 800 ಕಾರೊಂದಿದೆ. ಮಕ್ಕಳು ಎಷ್ಟು ಹೇಳಿದರೂ ಅದನ್ನು ಮಾರಲು ಮನಸ್ಸು ಬಂದಿಲ್ಲ. ಕಳೆದ ತಿಂಗಳು, ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದರೂ ಅದು ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲದಾಯಿತು. ಹಿಂದಿನ ಬ್ರೇಕ್ ಶೂಗಳು ಸವೆದಿರಬೇಕೆಂದು ಊಹಿಸಿದೆ. ಈ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ ನಾಲ್ಕೂ ಚಕ್ರಗಳಿಗೆ ಒಯ್ಯುತ್ತದೆ. ಹ್ಯಾಂಡ್ ಬ್ರೇಕ್ ಮಾತ್ರ ಕೇಬಲ್ಲಿನ ಮೂಲಕ ಹಿಂದಿನ ಶೂಗಳನ್ನಷ್ಟೇ ಹಿಡಿಯುತ್ತದೆ. ಪಾಸ್ಕಲನ ನಿಯಮವನ್ನು ಮೂವತ್ತು ವರ್ಷ ಬೋಧಿಸಿದವನಿಗೆ ಇದೇನು ಮಹಾ ಎಂದು ಹೊಸ ಶೂಗಳನ್ನು ತಂದು ನಾನೇ ಕೆಲಸಕ್ಕೆ ಕುಳಿತೆ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಚಕ್ರಗಳ ನಟ್ಟುಗಳನ್ನು ಸಡಿಲಿಸಿ, ಜಾಕಿನಿಂದ ಎತ್ತಿ, ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಹಳೆಯ ಶೂಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆ. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಉತ್ಸಾಹದಲ್ಲಿ ಎರಡೂ ಬದಿಯ ಶೂ, ಸ್ಪ್ರಿಂಗುಗಳನ್ನು ಒಟ್ಟಿಗೇ ಬಿಚ್ಚಿ ಹರಡಿಬಿಟ್ಟೆ. ಯಾವ ಸ್ಪ್ರಿಂಗು ಎಲ್ಲಿಯದೆಂದು ಸಂಜೆಯಾದರೂ ತಿಳಿಯಲಿಲ್ಲ.

ಕೊನೆಗೆ ಊರಿನಲ್ಲಿ ಗ್ಯಾರೇಜ್ ಇಟ್ಟಿರುವ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಹೆಸರು ಬೇಡ. ಆತ ಬಂದಾಗ ಮೊಮ್ಮಗ ಡ್ರೈವರ್ ಸೀಟಿನಲ್ಲಿ ಕುಳಿತಿದ್ದ. ಆತ ಮೊದಲು ಅವನನ್ನು ಇಳಿಸಿದ. ಡ್ರಮ್ ತೆಗೆದಿರುವಾಗ ಪೆಡಲ್ ತುಳಿದರೆ ಸಿಲಿಂಡರಿನ ಪಿಸ್ಟನ್ನುಗಳೇ ಹೊರಗೆ ಹಾರುತ್ತವೆಯಂತೆ. ಪಾಸ್ಕಲನ ಮೇಷ್ಟ್ರಿಗೆ ಅದು ಹೊಳೆದಿರಲಿಲ್ಲ!

"ಒಂದು ಕಡೆ ಬಿಚ್ಚಿದಾಗ ಇನ್ನೊಂದು ಕಡೆ ಹಾಗೇ ಬಿಡ್ಬೇಕು ಸಾರ್. ಅನುಮಾನ ಬಂದ್ರೆ ಪಕ್ಕದ್ದು ನೋಡ್ಕೋಬಹುದು" ಎಂದ. ಎಡಬದಿಯನ್ನು ತಾನೇ ಜೋಡಿಸಿ, ಬಲಬದಿಯನ್ನು ನನ್ನಿಂದ ಮಾಡಿಸಿದ. ಎಡದ್ದು ಕನ್ನಡಿಯಲ್ಲಿ ಕಂಡಂತೆ ಬಲದ್ದು ಇರಬೇಕು, ಅಷ್ಟೆ.

'ಪಕ್ಕದ್ದು ನೋಡುವುದು' ಎಂಬ ಮಾತಿಗೆ ನಾನು ತಲೆ ತಗ್ಗಿಸಿದೆ. 1994ರಲ್ಲಿ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಪಕ್ಕದವನ ಉತ್ತರ ನೋಡಿದನೆಂದು ಇವನ ಪತ್ರಿಕೆಯನ್ನು ಎಲ್ಲರೆದುರು ಹರಿದವನು ನಾನು. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ.

ಕೈ ತೊಳೆಯುವಾಗ ಆ ಮಾತೆತ್ತಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. "ನೋಡಿ ಬರೆದಿದ್ದು ನನ್ನ ತಪ್ಪೇ ಸಾರ್. ಆದ್ರೆ ನೀವು ಒಂದ್ಸಲ ಮನೆಗೆ ಬಂದು ಕರೀತೀರಿ ಅಂತ ಕಾದಿದ್ದೆ."

ಆತನ ಮನೆ ಶಾಲೆಯಿಂದ ಅರ್ಧ ಮೈಲಿಯೂ ಇರಲಿಲ್ಲ. ನಾನು ಹೋಗಲಿಲ್ಲ. ಕ್ಷಮಿಸು ಎಂದೆ. ಕಾಫಿ ಕುಡಿದ, ಕೂಲಿ ಮುಟ್ಟಲಿಲ್ಲ.

ಕಾರು ಈಗ ಇಳಿಜಾರಿನಲ್ಲಿ ಅಲುಗದೆ ನಿಲ್ಲುತ್ತದೆ. ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರು. ಅವರಲ್ಲಿ ನನ್ನದೊಂದು ಕೋರಿಕೆ: ಬೆಂಚಿನಲ್ಲಿ ಒಂದು ಜಾಗ ಖಾಲಿಯಾದರೆ, ಆ ಸಂಜೆಯೇ ಮಗುವಿನ ಮನೆಗೆ ಹೋಗಿಬನ್ನಿ.